ಒಂದಡಿಗೆ ಒಂದಂಗುಲ

ಬದುಕಿರುವವರನ್ನು ಅಳೆಯಬಾರದು ಎಂಬುದು ಲಕ್ಕಯ್ಯನ ಮನೆಯಲ್ಲಿ ಚಿಕ್ಕ ಮಕ್ಕಳಿಗೂ ಗೊತ್ತಿತ್ತು. ಮಲಗಿದವರನ್ನಂತೂ ಅಳೆಯಲೇಬಾರದು. ಹಾಗೆ ಅಳೆಯುವವರು ಹೆಣಕ್ಕೆ ಗುಂಡಿ ತೋಡುವವರು, ಅದೂ ಬಿದಿರ ಕಡ್ಡಿಯಲ್ಲಿ. ಹೀಗಿರುವಾಗ ಜನವರಿಯ ಒಂದು ಶನಿವಾರ ಚಿಕ್ಕಮಗಳೂರಿನ ಹೈಸ್ಕೂಲಿನಿಂದ ಬಂದ ಹಿರಿಮಗ ಬೆಳ್ಳಿಯಪ್ಪ ಚೀಲದಿಂದ ಬಟ್ಟೆಯ ಟೇಪು ತೆಗೆದ. ಅಜ್ಜಿ ಜವರಮ್ಮನನ್ನು ನೆಲದ ಮೇಲೆ ಮಲಗಿಸಿ ನೆತ್ತಿಯಿಂದ ಹಿಮ್ಮಡಿಯವರೆಗೆ ಅಳೆಯತೊಡಗಿದ. ಪಲ್ಪರ್ ಮನೆಯಲ್ಲಿ ಕಾಫಿ ಹಣ್ಣಿನ ಸಿಪ್ಪೆ ಬಿಡಿಸುವ ಕೆಲಸ ಮುಗಿಸಿ ಊಟಕ್ಕೆ ಬಂದ ಲಕ್ಕಯ್ಯ ಬಾಗಿಲಲ್ಲೇ ನಿಂತುಬಿಟ್ಟ.

"ಎಂಥ ಮಾಡ್ತಿದ್ದೀಯೋ?"

"ಅಳೀತಿದೀನಪ್ಪ. ನಾಕಡಿ ಹತ್ತಂಗುಲ."

"ಸುತ್ತಿಡು ಅದನ್ನ. ನಮ್ಮವ್ವ ಇನ್ನೂ ಉಸಿರಾಡ್ತಾ ಐತೆ."

ಜವರಮ್ಮ ಮಲಗಿದ ಹಾಗೇ ನಕ್ಕಳು. "ಅಳೀಲಿ ಬಿಡೋ. ಹೆಂಗೂ ಒಂದಿನ ಅಳೀಬೇಕಲ್ಲ. ಈಗ್ಲೇ ಬರ್ದಿಟ್ಕಂಡ್ರೆ ಆವಾಗ ನಿಂಗೆ ಕೆಲ್ಸ ಕಮ್ಮಿ."

"ನೀವು ಬೇರೆ ಅತ್ತೆ," ಎಂದಳು ಒಲೆಯ ಮುಂದೆ ಕೂತು ಒಣಮೀನು ಸುಡುತ್ತಿದ್ದ ಸಿದ್ದಮ್ಮ. "ಏಳಿ ಮೇಲೆ. ಬೆಳ್ಳಿ, ಮನೆ ಅಳೀತೀನಿ ಅಂತ ತಾನೇ ಅಂದಿದ್ದು ನೀನು? ಮನುಷ್ಯರ್ನ ಯಾಕೆ ಅಳೀತೀಯ?"

"ಮನೇಲಿ ಮನುಷ್ಯರಿರಲ್ವಾ ಅವ್ವ?"

ಲಕ್ಕಯ್ಯ ಗೊಣಗುತ್ತಲೇ ಗಂಜಿ ಕುಡಿದು ಎದ್ದುಹೋದ. ಅವನು ಅತ್ತ ಹೋದ ಮೇಲೆ ಬೆಳ್ಳಿ ಅವ್ವನನ್ನೂ, ತಂಗಿ ದೇವೀರಮ್ಮನನ್ನೂ, ತಮ್ಮ ಶಂಕರನನ್ನೂ, ಎರಡು ಚಿಕ್ಕ ಅವಳಿ ಮಕ್ಕಳನ್ನೂ ಅಳೆದು ಬರೆದುಕೊಂಡ. ಅಪ್ಪನನ್ನು ಮಾತ್ರ ಕಣ್ಣಳತೆಯಲ್ಲೇ ಐದಡಿ ಐದಂಗುಲ ಎಂದು ಹಾಕಿಕೊಂಡ.

ಲಕ್ಕಯ್ಯನ ಮನೆ ಇದ್ದುದು ವಸ್ತಾರೆಯ ಕಡೆಯ ಒಂದು ಕಾಫಿ ಎಸ್ಟೇಟಿನಲ್ಲಿ, ಎರಡನೇ ಲೈನಿನ ಐದನೆಯ ಮನೆ. ಲೈನು ಎಂದರೆ ಒಂದೇ ಮಾಡಿನ ಕೆಳಗೆ ಸಾಲಾಗಿ ಹನ್ನೆರಡು ಕೋಣೆಗಳು. ಒಂದೊಂದು ಕೋಣೆ ಒಂದೊಂದು ಸಂಸಾರಕ್ಕೆ. ಆ ಲೈನಿನಿಂದ ಹೈಸ್ಕೂಲಿನ ಕೊನೆಯ ವರ್ಷದ ತನಕ ಹೋದವನು ಬೆಳ್ಳಿಯೊಬ್ಬನೇ. ವಾರವೆಲ್ಲ ಪೇಟೆಯ ಉಚಿತ ಹಾಸ್ಟೆಲಿನಲ್ಲಿದ್ದು, ಶನಿವಾರ ಅರ್ಧ ದಿನದ ಶಾಲೆ ಮುಗಿಸಿ ಏಳು ಮೈಲಿ ನಡೆದು ಬರುತ್ತಿದ್ದ. ಮನೆಯೊಳಗೆ ಜಾಗವಿಲ್ಲದ್ದರಿಂದ ಹತ್ತು ವರ್ಷದವನಿದ್ದಾಗಿನಿಂದಲೂ ಕಾಫಿ ಒಣಗಿಸುವ ಕಣದ ಚಪ್ಪರವೇ ಅವನ ಹಾಸಿಗೆಯಾಗಿತ್ತು.

ಅವನು ಆರಿಸಿಕೊಂಡ ಐಚ್ಛಿಕ ವಿಷಯ ಚಿತ್ರ ಮತ್ತು ಮಾದರಿ ಕೆಲಸ. ಕಾಗದದ ಮೇಲೆ ಬರೆಯುವುದು ಅರ್ಧ, ಮಣ್ಣು ಮರ ಬಿದಿರಿನಲ್ಲಿ ಮಾಡಿ ನಿಲ್ಲಿಸುವುದು ಅರ್ಧ. ಡ್ರಾಯಿಂಗ್ ಮೇಷ್ಟ್ರು ಉಮಾಮಹೇಶ್ವರಯ್ಯ ತರಗತಿಯಲ್ಲಿ ಮತ್ತೆ ಮತ್ತೆ ಹೇಳುತ್ತಿದ್ದರು: "ಚಿತ್ರಕ್ಕೆ ಮುಖ ಒಂದೇ. ಮಾದರಿಗೆ ನಾಲ್ಕು ಮಗ್ಗುಲೂ ಉಂಟು, ಒಳಗೂ ಉಂಟು. ನೋಡುವವನು ಎಲ್ಲಿಂದ ಇಣುಕಿದರೂ ಸಿಕ್ಕಿಬೀಳಬಾರದು." ಬೆಳ್ಳಿಯ ಕೈಯನ್ನು ಅವರು ಮೊದಲ ದಿನವೇ ಗುರುತಿಸಿದ್ದರು. ಈ ವಿಷಯದಲ್ಲಿ ಒಳ್ಳೆಯ ಅಂಕ ಬಂದರೆ ಮೈಸೂರಿನ ಕುಶಲ ಕೆಲಸದ ಶಾಲೆಯಲ್ಲಿ ಜಾಗ, ಊಟ, ವಸತಿ ಎಲ್ಲ ಕೊಡಿಸುವ ಮಾತೂ ಆಗಿತ್ತು. ಬರದಿದ್ದರೆ ಬೆಳ್ಳಿ ಮರಳಿ ಲೈನಿಗೆ ಬಂದು ಕಾಫಿ ಹಣ್ಣಿನ ಕುಕ್ಕೆ ಸೊಂಟಕ್ಕೆ ಕಟ್ಟಿಕೊಳ್ಳಬೇಕು.

ಆ ವರ್ಷ ಪರೀಕ್ಷೆಗೆ ಕೊಟ್ಟ ಮಾದರಿಯ ವಿಷಯ 'ನಾನು ವಾಸಿಸುವ ಮನೆ.' ಒಂದಡಿಗೆ ಒಂದಂಗುಲದ ಲೆಕ್ಕ. ಮಾದರಿಯ ಜೊತೆಗೆ ಅಳತೆಯ ನಕ್ಷೆ ಇರಬೇಕು. ಮಾದರಿಯೂ ಮನೆಯೂ ತಾಳೆಯಾಗುತ್ತವೆ ಎಂದು ಮೇಷ್ಟ್ರು ರುಜು ಹಾಕಬೇಕು. ರುಜು ಇಲ್ಲದ ಮಾದರಿಗೆ ಸೊನ್ನೆ. ಉಳಿದ ಹುಡುಗರು ತೊಟ್ಟಿಯ ಮನೆ, ಉಪ್ಪರಿಗೆಯ ಮನೆ, ಮುಂದೆ ಕಾರು ನಿಲ್ಲುವ ಬಂಗಲೆ ಎಂದು ಹಲಗೆಗಳನ್ನು ಕೊಯ್ಯಿಸುತ್ತಿದ್ದರೆ ಬೆಳ್ಳಿಗೆ ಒಂದು ಹಿಡಿ ಕಡ್ಡಿ, ಎರಡು ಬುಟ್ಟಿ ಮಣ್ಣು ಸಾಕಾಯಿತು. ಒಂಬತ್ತು ಅಡಿ ಉದ್ದ, ಎಂಟು ಅಡಿ ಅಗಲ, ಒಂದು ಬಾಗಿಲು. ಕಿಟಕಿ ಇಲ್ಲ. ಅವನ ಮಾದರಿಯಲ್ಲಿ ಅದು ಒಂಬತ್ತಂಗುಲ, ಎಂಟಂಗುಲ, ಒಂದು ಬಾಗಿಲು.

ಎರಡು ಭಾನುವಾರ ಅವನು ಅದರಲ್ಲೇ ಮುಳುಗಿಹೋದ. ಹಳ್ಳದ ಜೇಡಿಮಣ್ಣಿಗೆ ಹುಲ್ಲು ಕತ್ತರಿಸಿ ಕಲಸಿದ. ಕಿರುಬೆರಳಿನ ಮೇಲೆ ಮಣ್ಣಿನ ಹಾಳೆ ಬಾಗಿಸಿ ಇನ್ನೂರು ಪುಟ್ಟ ಹೆಂಚು ಮಾಡಿದ. ದೇವೀರಮ್ಮ ಮಣ್ಣಿನ ಉಂಡೆ ತಟ್ಟಿ ಕೊಟ್ಟಳು, ಶಂಕರ ಹೆಂಚುಗಳನ್ನು ಬಿಸಿಲಿಗಿಟ್ಟು ಕೋಳಿ ಕಾದ. ಒಲೆ, ಸೌದೆಯ ಒಟ್ಟಿಲು, ನೀರಿನ ಮಡಕೆ, ಬೀಸುವ ಕಲ್ಲು ಎಲ್ಲವೂ ತಮ್ಮ ತಮ್ಮ ಜಾಗದಲ್ಲಿ ಕೂತವು. ಸಿದ್ದಮ್ಮ ಬಂದು ಬಗ್ಗಿ ನೋಡಿ, "ನನ್ನ ಒಲೆ ಮೂತಿ ಒಂಚೂರು ಒಡ್ದೈತೆ, ಅದನ್ನೂ ಮಾಡಿದೀಯಲ್ಲೋ," ಎಂದು ಖುಷಿಪಟ್ಟಳು.

ಮೂರನೇ ಭಾನುವಾರ ಗೊಂಬೆಗಳನ್ನು ಇಡುವ ದಿನ. ಮಾಡು ಇನ್ನೂ ಹೊದಿಸಿರಲಿಲ್ಲ. ಮಧ್ಯಾಹ್ನದ ಬಿಸಿಲಿನಲ್ಲಿ ಜಗಲಿಯ ಮೇಲೆ ಮಾದರಿಯಿಟ್ಟು, ಬೆಳ್ಳಿ ಏಳು ಮಣ್ಣಿನ ಗೊಂಬೆಗಳನ್ನು ಒಂದೊಂದಾಗಿ ಮಲಗಿಸಿದ. ಉದ್ದದಲ್ಲಿ ಒಲೆ, ಸೌದೆ, ನೀರಿಗೆ ಮೂರಂಗುಲ ಹೋಗಿ ಉಳಿದದ್ದು ಆರಂಗುಲ. ಒಬ್ಬೊಬ್ಬರಿಗೆ ಒಂದೂವರೆ ಅಂಗುಲದಂತೆ ಅಪ್ಪ, ಅವ್ವ, ದೇವೀರ, ಶಂಕರ. ಅವರ ಕಾಲ ಹತ್ತಿರ ಅಡ್ಡಕ್ಕೆ ಅವಳಿ ಮಕ್ಕಳು. ಏಳನೆಯ ಗೊಂಬೆ ಅವನ ಕೈಯಲ್ಲೇ ಉಳಿಯಿತು.

"ಎಲ್ಲೋ ತಪ್ಪಿದೀನಿ," ಎಂದು ಅವನು ಎಲ್ಲವನ್ನೂ ತೆಗೆದು ಮತ್ತೆ ಜೋಡಿಸಿದ. ತಲೆ ಈ ಕಡೆ ಮಾಡಿದ, ಆ ಕಡೆ ಮಾಡಿದ. ಟೇಪು ತಂದು ಒಳಗಿನ ನೆಲ ಮತ್ತೊಮ್ಮೆ ಅಳೆದ. ಏಳನೆಯ ಗೊಂಬೆಗೆ ಜಾಗ ಬರಲಿಲ್ಲ.

"ಅಜ್ಜಿ, ನೀನು ಎಲ್ಲಿ ಮಲಗ್ತೀಯ?"

"ಒಲೆ ಪಕ್ಕ ಕೂತಿರ್ತಾಳಲ್ಲೋ," ಎಂದ ಶಂಕರ. "ಅಜ್ಜಿಗೆ ಉಬ್ಬಸ. ಮಲಗಿದ್ರೆ ಉಸಿರು ಕಟ್ತದೆ."

ಅದು ಬೆಳ್ಳಿಗೂ ಗೊತ್ತಿತ್ತು. ಅಜ್ಜಿಗೆ ಉಬ್ಬಸ ಎಂದು ಮನೆಯವರೆಲ್ಲ ಎಷ್ಟೋ ವರ್ಷಗಳಿಂದ ಹೇಳುತ್ತಿದ್ದರು. ಆದರೆ ಅವನು ಟೇಪು ಹಿಡಿದು ಅಜ್ಜಿಯನ್ನು ಮಲಗಿಸಿದ್ದ ದಿನ ಅವಳು ಆರಾಮಾಗಿ ಮಲಗಿ ನಗೆಚಾಟಿಕೆ ಮಾಡಿದ್ದಳಲ್ಲ.

"ಅಜ್ಜಿ, ಉಬ್ಬಸ ಯಾವಾಗಿಂದ?"

ಜವರಮ್ಮ ಎಲೆಯಡಿಕೆ ಕುಟ್ಟುವುದನ್ನು ನಿಲ್ಲಿಸಲಿಲ್ಲ. "ಶಂಕರ ಹಾಲು ಬಿಟ್ಟ ವರ್ಷದಿಂದ."

"ಅದೇನು ಆ ವರ್ಷದಿಂದ?"

"ಅವನು ಕಾಲು ಚಾಚಿ ಮಲಗೋಕೆ ಸುರುಮಾಡ್ದ."

ಸಿದ್ದಮ್ಮ ಒಳಗಿನಿಂದ ಬಂದಳು. "ಏನಂದ್ರಿ ಅತ್ತೆ?"

"ಏನಿಲ್ಲ ಮಾರಾಯ್ತಿ. ನಂಗೆ ಉಬ್ಬಸಾನೂ ಇಲ್ಲ ಗಿಬ್ಬಸಾನೂ ಇಲ್ಲ. ಹೊಗೆಗೆ ಕೆಮ್ಮು ಎಲ್ರಿಗೂ ಬರ್ತದೆ. ಜಾಗ ಇರ್ಲಿಲ್ಲ, ಕೂತೆ. ಜಾಗ ಇಲ್ಲ ಅಂದ್ರೆ ನನ್ ಮಗ ಹೊರಗೋಗಿ ಮಂಜಲ್ಲಿ ಮಲಗ್ತಿದ್ದ. ಉಬ್ಬಸ ಅಂದೆ, ಸುಮ್ಮನಾದ."

ಹನ್ನೆರಡು ವರ್ಷ. ಒಬ್ಬ ಮುದುಕಿ ಹನ್ನೆರಡು ವರ್ಷ ಗೋಡೆಗೆ ಒರಗಿ ಕೂತೇ ನಿದ್ದೆ ಮಾಡಿದ್ದಾಳೆ, ಅದಕ್ಕೊಂದು ರೋಗದ ಹೆಸರನ್ನೂ ತಾನೇ ಹುಡುಕಿಕೊಂಡಿದ್ದಾಳೆ. ಇದನ್ನು ಬರೆಯುವಾಗ ನನಗೆ ಬರುವುದು ಮರುಕವಲ್ಲ, ಸಿಟ್ಟು. ಆ ಎಸ್ಟೇಟಿನಲ್ಲಿ ಸಿಪ್ಪೆ ಬಿಡಿಸಿ ಒಣಗಿಸಿದ ಪಾರ್ಚ್‌ಮೆಂಟ್ ಕಾಫಿ ಇಡುವ ಗೋದಾಮಿಗೆ ಗಾಳಿಯಾಡಲಿ ಎಂದು ಎಂಟು ಕಿಟಕಿ ಇಡಿಸಿದ್ದರು. ಕಾಫಿಬೀಜ ಮುಗ್ಗಬಾರದಲ್ಲ.

ಸಿದ್ದಮ್ಮ ಒಳಗೆ ಹೋದಳು. ಪಾತ್ರೆಗಳ ಸದ್ದು ಸ್ವಲ್ಪ ಜೋರಾಗಿಯೇ ಕೇಳಿಸಿತು. ಬೆಳ್ಳಿ ಏಳನೆಯ ಗೊಂಬೆಯನ್ನು ನೀರು ಚಿಮುಕಿಸಿ ಮೆದು ಮಾಡಿ, ಸೊಂಟದಲ್ಲಿ ಬಗ್ಗಿಸಿ, ಮಂಡಿ ಮಡಿಸಿ, ಒಲೆಯ ಪಕ್ಕದ ಗೋಡೆಗೆ ಒರಗಿಸಿ ಕೂರಿಸಿದ.

ಮರುದಿನ ಎತ್ತಿ ತೆಗೆಯುವಂಥ ಮಾಡು ಹೊದಿಸಿ, ಮಾದರಿಯನ್ನು ಹಣ್ಣಿನ ಕುಕ್ಕೆಯಲ್ಲಿ ಹುಲ್ಲಿನ ಮೇಲಿಟ್ಟು ತಲೆಯ ಮೇಲೆ ಹೊತ್ತು ಪೇಟೆಗೆ ಹೋದ. ಉಮಾಮಹೇಶ್ವರಯ್ಯ ಕನ್ನಡಕ ಏರಿಸಿ ಮಾಡನ್ನು ಎತ್ತಿ ಒಳಗೆ ನೋಡಿದರು.

"ಕೆಲಸ ಚೆನ್ನಾಗಿದೆ ಕಣಯ್ಯ. ಆದರೆ ಸ್ಕೇಲು ತಪ್ಪಿದೆ. ಒಂದೋ ಗೊಂಬೆ ದೊಡ್ಡದಾಗಿವೆ, ಇಲ್ಲಾ ಮನೆ ಚಿಕ್ಕದಾಗಿದೆ."

"ಮನೆ ಚಿಕ್ಕದಾಗಿದೆ ಸಾರ್."

"ಅದೇ ಹೇಳಿದ್ದು. ಸರಿ ಮಾಡು."

"ಅಳತೆ ಸರಿಯಾಗಿದೆ ಸಾರ್. ಮನೇನೇ ಚಿಕ್ಕದು."

ಮೇಷ್ಟ್ರು ನಕ್ಷೆ ತೆಗೆದು ಅಳತೆಪಟ್ಟಿ ಇಟ್ಟು ಪ್ರತಿಯೊಂದನ್ನೂ ತಾಳೆ ನೋಡಿದರು. ಕೊನೆಗೆ ಒಲೆಯ ಪಕ್ಕ ಕೂತ ಗೊಂಬೆಯನ್ನು ತೋರಿಸಿ, "ಇವರೊಬ್ಬರು ಯಾಕೆ ಕೂತಿದ್ದಾರೆ?" ಎಂದು ಕೇಳಿದರು. ಬೆಳ್ಳಿ ಹೇಳಿದ. ಅವರು ಮಾಡನ್ನು ಮೆಲ್ಲಗೆ ಮುಚ್ಚಿದರು.

ಫೆಬ್ರವರಿಯಲ್ಲಿ ಶಾಲೆಯ ಪ್ರದರ್ಶನವಾಯಿತು. ಪ್ರತಿ ಮಾದರಿಯ ಕೆಳಗೆ ಮನೆಯ ವಿಳಾಸ ಬರೆಯಬೇಕೆಂದು ಮೇಷ್ಟ್ರು ಹೇಳಿದ್ದರಿಂದ ಬೆಳ್ಳಿ ದುಂಡಗಿನ ಅಕ್ಷರದಲ್ಲಿ ಬರೆದಿಟ್ಟಿದ್ದ: 'ಶ್ರೀ ರುದ್ರಪ್ಪನವರ ಎಸ್ಟೇಟು, ಎರಡನೇ ಲೈನು, ಐದನೇ ಮನೆ.' ಆ ರುದ್ರಪ್ಪನವರೇ ಶಾಲೆಯ ಕಮಿಟಿಯ ಸದಸ್ಯರು, ಆ ದಿನದ ಅತಿಥಿಗಳು. ಉಪ್ಪರಿಗೆಯ ಮನೆ, ಬಂಗಲೆಗಳನ್ನು ನೋಡಿ ತಲೆದೂಗುತ್ತ ಬಂದವರು ಐದನೇ ಮನೆಯ ಮುಂದೆ ನಿಂತರು. ಓದಿದರು. ಮಾಡನ್ನು ಎತ್ತಿ ನೋಡಿದರು. ಸುತ್ತಲಿದ್ದವರೂ ಇಣುಕಿದರು. ವಕೀಲರೊಬ್ಬರು, "ಗೊಂಬೆಗಳನ್ನ ಮೀನು ಜೋಡಿಸಿದ ಹಾಗೆ ಜೋಡಿಸಿದಾನಲ್ರೀ," ಎಂದು ನಕ್ಕರು.

ರುದ್ರಪ್ಪನವರೂ ನಕ್ಕರು. "ಹುಡುಗ್ರು. ಕಿಟಕಿ ಇಡೋದೇ ಮರ್ತುಬಿಟ್ಟಿದಾನೆ."

ಬೆಳ್ಳಿ ಪಕ್ಕದಲ್ಲೇ ನಿಂತಿದ್ದ. "ಇಲ್ಲ ಬುದ್ಧಿ. ಕಿಟಕಿ ಇಲ್ಲ."

"ಇದೆಯಪ್ಪ. ಎಲ್ಲಾ ಮನೆಗೂ ಇಡಿಸಿದೀನಿ. ಸರಿಯಾಗಿ ನೋಡ್ಕೊಂಡು ಬಾ," ಎಂದು ಅವರು ಮುಂದಿನ ಮೇಜಿಗೆ ಹೋದರು.

ಜಗಳವಲ್ಲ, ಗದರಿಕೆಯಲ್ಲ, ನಗುನಗುತ್ತಲೇ ಆಡಿದ ಮಾತು. ಹದಿನೇಳು ವರ್ಷದ ಹುಡುಗನಿಗೆ ಅವನ ಮನೆಯ ಗೋಡೆ ಹೇಗಿದೆ ಎಂದು ಬಂಗಲೆಯಲ್ಲಿರುವವರು ಹೇಳಿಕೊಟ್ಟರು, ಸುತ್ತ ನಿಂತ ಓದಿದವರೆಲ್ಲ ಒಪ್ಪಿದರು. ಲೈನು ಕಟ್ಟುವಾಗ ನಕ್ಷೆಯಲ್ಲಿ ಕಿಟಕಿಗಳಿದ್ದದ್ದು ನಿಜವಂತೆ. ಕಟ್ಟಿಸುವಾಗ ಕೈಬಿಟ್ಟರು, ಕಾಗದದಲ್ಲಿ ಹಾಗೇ ಉಳಿಸಿಕೊಂಡರು.

ನಾಲ್ಕೇ ದಿನಕ್ಕೆ ಹೆಡ್‌ಮಾಸ್ತರರು ಬೆಳ್ಳಿಯನ್ನು ಕರೆಸಿ ರುದ್ರಪ್ಪನವರಿಂದ ಬಂದ ಒಂದು ಪತ್ರದ ನಕಲನ್ನು ಕೈಗಿಟ್ಟು, ಇದರಂತೆ ತಿದ್ದಿಕೊಂಡು ಬಾ ಎಂದರು. ಹೊರಗೆ ಉಮಾಮಹೇಶ್ವರಯ್ಯ ಕಾಯುತ್ತಿದ್ದರು. ಅವರೇನು ಧೈರ್ಯಸ್ಥರಲ್ಲ, ಮನೆಯಲ್ಲಿ ಮದುವೆಯ ವಯಸ್ಸಿಗೆ ಬಂದ ಇಬ್ಬರು ಹೆಣ್ಣುಮಕ್ಕಳಿದ್ದರು. ಆದರೂ ಅವರಿಗೆ ಒಂದು ಹಟವಿತ್ತು.

"ನೋಡಯ್ಯ, ನಾನು ಬರೋ ಮಂಗಳವಾರ ನಿಮ್ಮನೆಗೆ ಬರ್ತೀನಿ. ಮಾದರಿ ಹೇಗಿದೆಯೋ ಮನೆ ಹಾಗೇ ಇದ್ದರೆ ರುಜು ಹಾಕ್ತೀನಿ. ಇಲ್ಲದಿದ್ದರೆ ನನ್ನ ಕೈಲಿ ಆಗಲ್ಲ. ಕಿಟಕಿ ಇಡು ಅಂತಲೂ ನಾನು ಹೇಳಲ್ಲ, ಬೇಡ ಅಂತಲೂ ಹೇಳಲ್ಲ."

ಆ ಶನಿವಾರ ಬೆಳ್ಳಿ ಮಾದರಿಯನ್ನು ಹೊತ್ತು ಮನೆಗೆ ಬಂದಾಗ ಲಕ್ಕಯ್ಯ ಆಗಲೇ ಬಂದು ಜಗಲಿಯ ಮೇಲೆ ಕೂತಿದ್ದ. ಎಸ್ಟೇಟಿನ ಲೆಕ್ಕಪತ್ರ ನೋಡುವ ರೈಟರು ಯಜ್ಞನಾರಾಯಣಯ್ಯ ಅವನನ್ನು ಆಫೀಸಿಗೆ ಕರೆಸಿದ್ದರು.

"ಏನಂದ್ರು ರೈಟ್ರು?" ಎಂದು ಸಿದ್ದಮ್ಮ ಮೂರನೇ ಸಲ ಕೇಳುತ್ತಿದ್ದಳು.

"ಮಂಗಳವಾರದೊಳಗೆ ಕಿಟಕಿ ಆಗಿರ್ಬೇಕು ಅಂದ್ರು. ಇಲ್ದಿದ್ರೆ ಬುಧವಾರ ಪಾತ್ರೆ ಪಗಡ ತಗಂಡು ಲೈನು ಬಿಡ್ಬೇಕಂತೆ."

ಬೆಳ್ಳಿ ಕುಕ್ಕೆ ಇಳಿಸಿದ. ಲಕ್ಕಯ್ಯ ಅದನ್ನು ನೋಡಿದ, ಮಗನನ್ನು ನೋಡಿದ.

"ಇಡು ಕಿಟಕಿ."

"ಹೆಂಗಪ್ಪ ಇಡಾದು? ಮೇಷ್ಟ್ರು ಬಂದು ನೋಡ್ತಾರೆ. ಇದ್ರಲ್ಲಿ ಐತೆ, ಮನೇಲಿಲ್ಲ ಅಂದ್ರೆ ರುಜು ಹಾಕಲ್ಲ. ನಪಾಸು ನಾನು."

"ನಪಾಸಾಗು. ಹಣ್ಣು ಕುಯ್ಯಿ. ನಾನು ಕುಯ್ದಿಲ್ವಾ, ನಮ್ಮಪ್ಪ ಕುಯ್ದಿಲ್ವಾ?"

"ಹಂಗಾರೆ ಓದ್ಸಿದ್ದು ಯಾಕೆ?"

"ಓದು ಅಂದೆ. ಸಾವ್ಕಾರ್ರ ಹೆಸ್ರು ಬರ್ದು ಪೇಟೆ ಜನದ ಮುಂದೆ ಇಡು ಅಂದ್ನಾ? ನಂದೇ ಒಲೆ, ನಂದೇ ಹೆಂಡ್ತಿ, ನನ್ನವ್ವ, ಎಲ್ಲಾನೂ ಮಾಡಿ ವಕೀಲ್ರಿಗೆ ತೋರಿಸ್ದೆಯಲ್ಲೋ. ಬುಧವಾರ ಇವರ್ನೆಲ್ಲ ಕಟ್ಕಂಡು ಎಲ್ಲಿಗೋಗ್ಲಿ? ಬಣಕಲ್ಲಿಗಾ, ಕಳಸಕ್ಕಾ? ಒಂದು ಲೈನಿಂದ ಹೊರಗೆ ಹಾಕ್ದೋರ್ನ ಇನ್ನೊಂದು ಎಸ್ಟೇಟಲ್ಲಿ ಒಳಗೆ ಬಿಡ್ತಾರಾ?"

"ಇರೋದನ್ನೇ ಮಾಡಿದ್ದು ಅಪ್ಪ. ಒಂದಂಗುಲ ಹೆಚ್ಚಿಲ್ಲ, ಕಮ್ಮಿ ಇಲ್ಲ."

"ಅದೇ ತಪ್ಪು."

ಲಕ್ಕಯ್ಯ ಎದ್ದು ಮಾಡಿನ ಸಂದಿಯಿಂದ ಚಾಕು ತೆಗೆದ. ಕಾಫಿ ಗಿಡದ ಕಸಿ ಮಾಡುವ ಬಾಗಿದ ಚಾಕು ಅದು. ಬೆಳ್ಳಿ ಅಡ್ಡ ಬರುವಷ್ಟರಲ್ಲಿ ಮಾದರಿಯ ಹಿಂಗೋಡೆಗೆ ಚಾಕು ಇಳಿದಿತ್ತು. ನಾಲ್ಕು ಗೀರು, ಒಂದು ತಳ್ಳು. ಒಣಗಿದ ಮಣ್ಣಿನ ತುಂಡು ಒಳಗೆ ಬಿದ್ದು ದೇವೀರಮ್ಮನ ಗೊಂಬೆಯ ಕೈ ಮುರಿಯಿತು.

"ಆಯ್ತು ಕಿಟಕಿ," ಎಂದ ಲಕ್ಕಯ್ಯ. ಅವನ ದನಿ ಗೆದ್ದವನ ದನಿಯಾಗಿರಲಿಲ್ಲ.

ಆ ಸಂಜೆ ಅನ್ನದ ಜೊತೆ ಕೆಸುವಿನ ಸಾರಿತ್ತು. ರೇಷನ್ ಅಕ್ಕಿಯ ಆ ದಿನಗಳಲ್ಲಿ ಅನ್ನ ಮಾಡುವುದು ಬೆಳ್ಳಿ ಬಂದ ದಿನ ಮಾತ್ರ. ಅವನು ತಟ್ಟೆ ಮುಟ್ಟಲಿಲ್ಲ.

"ಉಣ್ಣೋ," ಎಂದಳು ಜವರಮ್ಮ. "ಅನ್ನ ಎಂಥ ಮಾಡ್ತು ನಿಂಗೆ?"

"ಬೇಡ ಅಜ್ಜಿ."

"ಅವನಿಗೆ ಬೇಡಾಂದ್ರೆ ಮಕ್ಳಿಗೆ ಹಾಕು," ಎಂದ ಲಕ್ಕಯ್ಯ. ತಾನೂ ಅರ್ಧಕ್ಕೇ ಕೈ ತೊಳೆದ.

ಸಿದ್ದಮ್ಮ ಮಕ್ಕಳಿಗೆ ಬಡಿಸಿದಳು, ಅತ್ತೆಗೆ ಬಡಿಸಿದಳು, ಮಗನ ಪಾಲನ್ನು ಮುಚ್ಚಿಟ್ಟಳು.

ಮರುದಿನ ಭಾನುವಾರ, ಮಧ್ಯಾಹ್ನದ ಮೇಲೆ ಕುಯ್ಲಿಗೆ ರಜ. ಹಳ್ಳದಲ್ಲಿ ಬಟ್ಟೆ ಒಗೆದು ಬಂದ ಸಿದ್ದಮ್ಮ ಕಣದ ಚಪ್ಪರಕ್ಕೆ ಹೋಗಿ ಮುಖ ಊದಿಸಿಕೊಂಡು ಕೂತಿದ್ದ ಮಗನ ಪಕ್ಕ ಕುಳಿತಳು.

"ಆ ಕಾಗದ ಐತಾ?"

"ಐತೆ."

"ಓದು. ಜೋರಾಗಿ ಓದು."

ಬೆಳ್ಳಿ ಓದಿದ. "'ನಮ್ಮ ಎಸ್ಟೇಟಿನ ಲೈನುಗಳ ಪ್ರತಿಯೊಂದು ಮನೆಗೂ ಹಿಂಗೋಡೆಯಲ್ಲಿ ಎರಡು ಅಡಿ ಅಗಲ, ಒಂದೂವರೆ ಅಡಿ ಎತ್ತರದ ಕಿಟಕಿಯನ್ನು ಇಡಿಸಲಾಗಿರುತ್ತದೆ. ವಿದ್ಯಾರ್ಥಿಯು ಅಜಾಗ್ರತೆಯಿಂದ ಇದನ್ನು ಬಿಟ್ಟಿರುತ್ತಾನೆ. ತಿದ್ದಿಸತಕ್ಕದ್ದು.'"

"ಪ್ರತಿಯೊಂದು ಅಂದ್ರೆ?"

"ಎಲ್ಲಾ ಮನೇಗೂ."

"ಸಾವ್ಕಾರ್ರ ರುಜು ಐತಾ?"

"ನಕಲು ಇದು. ಅಸಲಲ್ಲಿ ಐತೆ. ಹೆಡ್‌ಮಾಸ್ತರ್ರ ಸೀಲು ಹಾಕಿದಾರೆ ನೋಡು."

"ನಂಗೆ ನೋಡಿದ್ರೆ ಏನು ಗೊತ್ತಾಗ್ತದೆ. ಎರಡಡಿ ಅಗಲ, ಒಂದೂವರೆ ಎತ್ತರ ಅಲ್ವಾ? ಟೇಪು ತಗಂಡು ಬಾ."

"ಯಾಕವ್ವ?"

"ನಿನ್ನ ಮೇಷ್ಟ್ರು ಮಾದರೀಲಿರೋದು ಮನೇಲಿರ್ಬೇಕು ಅಂತಾರೆ. ಸಾವ್ಕಾರ್ರು ಕಾಗದದಲ್ಲಿರೋದು ಮಾದರೀಲಿರ್ಬೇಕು ಅಂತಾರೆ. ಇಬ್ರು ಮಾತೂ ನಡೀಲಿ."

ಅವಳು ಪಲ್ಪರ್ ಮನೆಯಿಂದ ಹಾರೆ ತಂದಳು. ಲೈನಿನ ಹಿಂದೆ ನಿಂತು ಐದನೇ ಮನೆಯ ಹಿಂಗೋಡೆಯನ್ನು ಕೈಯಲ್ಲಿ ತಟ್ಟಿ ನೋಡಿದಳು. ಮಣ್ಣಿಟ್ಟಿಗೆಯ ಗೋಡೆ. ಬೆಳ್ಳಿ ಇದ್ದಿಲಿನಿಂದ ಗೆರೆ ಎಳೆದ. ಒಮ್ಮೆ ಗೆರೆ ಎಳೆದ ಮೇಲೆ ಅವನ ಮುಖದ ಊತ ಇಳಿಯಿತು, ಕಲಿತವನ ಅಧಿಕಾರ ಬಂತು.

"ಹಂಗೇ ಕೆಡವಬಾರದು ಅವ್ವ. ಮೊದ್ಲು ಮೇಲಿನ ಗೆರೆಗೆ ಒಂದು ಅಡ್ಡಮರ ಕೂರಿಸ್ಬೇಕು. ಇಲ್ದಿದ್ರೆ ಮೇಲಿನ ಗೋಡೆ ಕೂತ್ಕಂಡುಬಿಡ್ತದೆ."

"ಅಡ್ಡಮರಕ್ಕೆ ಸೌದೇಲಿ ಸಿಲ್ವರ್ ಓಕಿನ ತುಂಡು ಐತೆ ನೋಡು. ಶಂಕರ, ತಾರೋ."

ಸದ್ದು ಕೇಳಿ ಲಕ್ಕಯ್ಯ ಓಡಿಬಂದ. ಮೇಲಿನ ಸಾಲಿನ ಇಟ್ಟಿಗೆ ಆಗಲೇ ಹೊರಬಂದು ಅಡ್ಡಮರ ಕೂತಿತ್ತು.

"ತಲೆ ಕೆಟ್ಟೈತನೇ ನಿಂಗೆ? ಎಸ್ಟೇಟಿನ ಗೋಡೆ ಅದು."

"ಎಸ್ಟೇಟಿನ ಕಾಗದಾನೇ ಇದೂ."

"ಸಿದ್ದಿ, ಬೇಡ. ಕೈ ಮುಗೀತೀನಿ. ನಿನ್ನೆ ನಾನು ಹೊಡ್ದ ಕಿಟಕಿ ಸಾಕು. ಅವನು ನಪಾಸಾದ್ರೆ ಆಗ್ಲಿ, ತಲೆ ಮೇಲೆ ಮಾಡಾದ್ರೂ ಉಳೀತದೆ."

ಸಿದ್ದಮ್ಮ ಹಾರೆಯನ್ನು ನೆಲಕ್ಕೂರಿ ಗಂಡನ ಕಡೆ ತಿರುಗಿದಳು. ಬೆವರಿದ್ದಳು. ಆ ಮನೆಯಲ್ಲಿ ಅವಳು ಇಷ್ಟು ಉದ್ದ ಮಾತಾಡಿದ್ದನ್ನು ಯಾರೂ ಕೇಳಿರಲಿಲ್ಲ.

"ನಿನ್ನವ್ವ ಹನ್ನೆರಡು ವರ್ಷ ಮಲಗಿಲ್ಲ. ನಾನು ಅದೇ ಗೋಡೆ ಹತ್ರ ಕಾಲು ಚಾಚಿ ಮಲಗಿದ್ದೆ. ಉಬ್ಬಸ ಅಂತ ನಂಬಿದ್ದೆ. ನೀನೂ ನಂಬಿದ್ದೆ. ನಮ್ಮನೇಲಿ ನಾವು ಇಲ್ದಿದ್ದನ್ನೆಲ್ಲ ಐತೆ ಅಂತ ನಂಬ್ಕಂಡೇ ಬದುಕಿದ್ದು ಸಾಕು. ನನ್ ಮಗ ಅಳತೆ ಮಾಡಿ ಹೇಳ್ದ, ಅದಕ್ಕೆ ಗೊತ್ತಾಯ್ತು. ಅವನು ಇವತ್ತು ಸುಳ್ಳು ಅಳತೆ ಬರೀಬಾರದು. ನಮ್ಮನ್ನ ಹೊರಗೆ ಹಾಕೋದಾದ್ರೆ ಹಾಕ್ಲಿ, ಸಾವ್ಕಾರ್ರು ಬರ್ದಿದ್ದನ್ನೇ ನಾವು ಮಾಡಿದ್ದಕ್ಕೆ ಹಾಕ್ಲಿ."

ಸಿದ್ದಮ್ಮ ಹಾರೆ ಎತ್ತಿದಳು.

ಅರ್ಧ ಗಂಟೆಯಲ್ಲಿ ಕಿಟಕಿಯಾಯಿತು. ಒಳಗಿನ ಹೊಗೆ ಆ ತೂತು ಹುಡುಕಿಕೊಂಡು ಹೊರಟಿತು. ಜವರಮ್ಮ ಒಳಗಿನಿಂದ ತಲೆ ತೂರಿಸಿ, "ಅಯ್ಯೋ, ನನ್ನ ಒಲೆ ಹಿಂದೆ ಇಷ್ಟೊಂದು ಮಸಿ ಐತಾ," ಎಂದಳು. ಬೆಳ್ಳಿ ಟೇಪು ಹಿಡಿದು ಅಂಚುಗಳನ್ನು ಕೆರೆದು ಸರಿ ಮಾಡಿದ. ಆಮೇಲೆ ಜಗಲಿಗೆ ಹೋಗಿ, ಮಾದರಿಯಲ್ಲಿ ಅಪ್ಪ ಹೊಡೆದ ಸೊಟ್ಟ ತೂತನ್ನು ಎರಡಂಗುಲ, ಒಂದೂವರೆ ಅಂಗುಲಕ್ಕೆ ಕೊರೆದು, ಮೇಲೊಂದು ಕಡ್ಡಿ ಕೂರಿಸಿ ನೆಟ್ಟಗೆ ಮಾಡಿದ. ಮುರಿದ ಗೊಂಬೆಗೆ ಹೊಸ ಕೈ ಹಚ್ಚಿದ. ನಕ್ಷೆಯಲ್ಲಿ ಕಿಟಕಿಯನ್ನು ಬರೆದ. ಕೂತ ಗೊಂಬೆಯನ್ನು ಮುಟ್ಟಲಿಲ್ಲ. ಅದರ ವಿಷಯದಲ್ಲಿ ಯಾವ ಕಾಗದವೂ ಬಂದಿರಲಿಲ್ಲ.

ಹಾರೆಯ ಸದ್ದು ಎಸ್ಟೇಟಿನಲ್ಲಿ ಮುಚ್ಚಿಡುವಂಥದ್ದಲ್ಲ. ಹೊತ್ತು ಇಳಿಯುವ ಮೊದಲೇ ರೈಟರು ಯಜ್ಞನಾರಾಯಣಯ್ಯ ಕೊಡೆ ಊರಿಕೊಂಡು ಲೈನಿನ ಹಿಂದಕ್ಕೆ ಬಂದರು. ಲೈನಿನ ಜನವೆಲ್ಲ ಆಗಲೇ ಅಲ್ಲಿ ನೆರೆದಿತ್ತು.

"ಯಾರಿಗೆ ಕೇಳಿ ಗೋಡೆ ಒಡೆದ್ರಿ?"

"ನೀವೇ ಹೇಳಿದ್ರಂತಲ್ಲ ಸ್ವಾಮಿ," ಎಂದಳು ಸಿದ್ದಮ್ಮ. "ಮಂಗಳವಾರದೊಳಗೆ ಕಿಟಕಿ ಆಗಿರ್ಬೇಕು ಅಂತ."

"ನಾನು ಹೇಳಿದ್ದು ಆ ಹುಡುಗನ ಆಟದ ಮನೆಗೆ."

"ಅದಕ್ಕೂ ಆಗೈತೆ."

"ಕೊಬ್ಬಾ? ಈಗಿಂದೀಗ್ಲೇ ಮುಚ್ಚಿಸಿ."

"ಮುಚ್ತೀವಿ. ಬೆಳ್ಳಿ, ಆ ಕಾಗದ ಸ್ವಾಮಿಯೋರಿಗೆ ಓದಿ ಹೇಳು."

ಬೆಳ್ಳಿ ಓದಿದ. ಈ ಸಲ ಅವನ ದನಿ ಲೈನಿನ ಆ ತುದಿಗೂ ಮುಟ್ಟಿತು. ಸಿದ್ದಮ್ಮ ಹೇಳಿದಳು, "ಇದು ಸುಳ್ಳು ಅಂತ ಸಾವ್ಕಾರ್ರ ಹತ್ರ ಒಂದು ಚೀಟಿ ಬರೆಸ್ಕಂಡು ಬನ್ನಿ. ಆ ಚೀಟೀನ ಮೇಷ್ಟ್ರಿಗೆ ಕೊಡ್ತೀವಿ, ಗೋಡೆ ಮುಚ್ತೀವಿ. ಮಂಗಳವಾರ ಅವರು ಬರೋದ್ರೊಳಗೆ ತನ್ನಿ, ಆಯ್ತಾ?"

ಯಜ್ಞನಾರಾಯಣಯ್ಯ ಮೂವತ್ತು ವರ್ಷ ಕಾಗದದ ಕೆಲಸ ಮಾಡಿದವರು. ಯಾವ ಚೀಟಿಯನ್ನು ಯಾರ ಹತ್ತಿರ ಬರೆಸಲಾಗದು ಎಂಬುದು ಅವರಿಗೆ ಬೇರೆಯವರಿಂದ ತಿಳಿಯಬೇಕಾಗಿರಲಿಲ್ಲ. ಅವರು ಕೊಡೆಯನ್ನು ಆ ಕೈಯಿಂದ ಈ ಕೈಗೆ ಬದಲಾಯಿಸಿದರು.

ಅಷ್ಟರಲ್ಲಿ ಆರನೇ ಮನೆಯ ದ್ಯಾವಮ್ಮ, ಸೊಂಟದ ಮೇಲೆ ಕೆಮ್ಮುವ ಕೂಸನ್ನಿಟ್ಟುಕೊಂಡವಳು, ಮುಂದೆ ಬಂದಳು. "ಬೆಳ್ಳೀ, ಆ ಕಾಗದದಲ್ಲಿ ನಮ್ಮನೆ ಸೇರೈತಾ?"

"ಪ್ರತಿಯೊಂದು ಮನೆ ಅಂತ ಐತೆ ಅತ್ತೆ."

"ಹಂಗಾರೆ ನಮ್ಮ ಗೋಡೆಗೂ ಗೆರೆ ಎಳಿ."

"ನಮ್ದಕ್ಕೂ," ಎಂದಿತು ಮೂರನೇ ಮನೆಯ ಕಡೆಯಿಂದ ಒಂದು ದನಿ. ಬೆಳ್ಳಿ ಇದ್ದಿಲು ಹಿಡಿದು ಹೊರಟ.

ರೈಟರು ಗುಂಪಿನ ಹಿಂದೆ ನಿಂತಿದ್ದ ಲಕ್ಕಯ್ಯನನ್ನು ಕಂಡರು. ಎಸ್ಟೇಟಿನಲ್ಲಿ ಮೂವತ್ತು ವರ್ಷ ಎದುರಾಡದವನು ಅವನೊಬ್ಬನೇ. "ಲಕ್ಕ, ನೀನಾದ್ರೂ ಹೇಳೋ ಇವರಿಗೆ. ನಿನ್ನ ಮಾತು ಕೇಳ್ತಾರೆ."

ಲಕ್ಕಯ್ಯ ಮುಂದೆ ಬಂದ. ಹೆಗಲ ಮೇಲಿನ ಟವೆಲನ್ನು ತೆಗೆದು ಸೊಂಟಕ್ಕೆ ಸುತ್ತಿಕೊಂಡ, ಸಾವ್ಕಾರರ ಎದುರು ನಿಲ್ಲುವಾಗ ಮಾಡುವ ಹಾಗೆ. ಗೋಡೆಯ ತೂತನ್ನು ನೋಡಿದ. ಅದರಾಚೆ ಒಳಗೆ ಕೂತಿದ್ದ ಅವ್ವನನ್ನು ನೋಡಿದ. ಹೆಂಡತಿಯ ಪಕ್ಕದಲ್ಲಿದ್ದ ಹಾರೆ ಎತ್ತಿಕೊಂಡ.

"ಅಳತೆ ಸರಿಯಾಗೈತೆ ಸ್ವಾಮಿ," ಎಂದ. "ಎರಡಡಿ ಅಗಲ, ಒಂದೂವರೆ ಎತ್ತರ. ದ್ಯಾವಮ್ಮ, ನಿನ್ನ ಗೋಡೆ ಗಟ್ಟಿ ಐತೆ, ಕೂಸನ್ನ ಆ ಕಡೆ ಕರ್ಕಂಡು ಹೋಗು."